ಸ್ಪ್ಲಿಟ್‌ನಿಂದ ಏಳು ದಿನದ ಹಾಯಿಯಾನ: ಡುಬ್ರೊವ್ನಿಕ್ ಸೇರಿಸಬಹುದೇ?

ಪ್ರಶ್ನೆ: ಜೂನ್‌ನಲ್ಲಿ ಆರು ಮಂದಿ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ 40 ಅಡಿಯ ಹಾಯಿದೋಣಿಯನ್ನು ವಾರಕ್ಕೆ ಬಾಡಿಗೆ ಹಿಡಿದು ನಾವೇ ನಡೆಸಲಿದ್ದೇವೆ. ಹಳೆಯ ಊರುಗಳನ್ನು ನೋಡುತ್ತ ಡುಬ್ರೊವ್ನಿಕ್‌ಗೆ ಹೋಗಿಬರಲು ಆಗುತ್ತದೆಯೇ? ದೋಣಿಯನ್ನು ಹಿಮ್ಮುಖವಾಗಿ ದಕ್ಕೆಗೆ ಕಟ್ಟಬೇಕಂತೆ, ಅದರ ಭಯವೂ ಇದೆ.

ಉತ್ತರ: ಡುಬ್ರೊವ್ನಿಕ್ ಬಿಡಿ. ಹ್ವಾರ್, ಕೊರ್ಚುಲಾ, ಮ್ಲಿಯೆಟ್ ದ್ವೀಪಗಳನ್ನು ಮುಟ್ಟಿಕೊಂಡು ಹೋದರೆ ಒಂದು ಕಡೆಗೇ ಸುಮಾರು 110 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿಯಂತೆ 22 ಗಂಟೆ. ಬಾಡಿಗೆ ಸಾಮಾನ್ಯವಾಗಿ ಶನಿವಾರ ಸಂಜೆ ಶುರುವಾಗಿ ಶುಕ್ರವಾರ ಸಂಜೆಗೆ ದೋಣಿ ವಾಪಸಾಗಬೇಕು. ಕೈಗೆ ಸಿಗುವುದು ಆರೇ ಹಗಲು, ಅವೆಲ್ಲ ನೀರಿನ ಮೇಲೇ ಕಳೆದುಹೋಗುತ್ತವೆ.

ಬದಲಿಗೆ ಹ್ವಾರ್ ದ್ವೀಪದ ಸ್ಟಾರಿ ಗ್ರಾಡ್ ಮತ್ತು ಹ್ವಾರ್ ಊರು, ವಿಸ್ ದ್ವೀಪ, ಟ್ರೊಗಿರ್ ಪಟ್ಟಣ ಸುತ್ತಿ ಬನ್ನಿ. ಸ್ಟಾರಿ ಗ್ರಾಡ್‌ನಲ್ಲಿ ಎರಡು ರಾತ್ರಿ ಇರಿ. ಕ್ರಿ.ಪೂ. 384ರಲ್ಲಿ ಪಾರೊಸ್ ದ್ವೀಪದ ಗ್ರೀಕರು ಕಟ್ಟಿದ ಊರಿದು. ಅವರು ಅಳೆದು ಹಂಚಿಕೊಂಡ ಹೊಲಗಳ ಕಲ್ಲುಬೇಲಿಗಳ ನಡುವೆ ಇಂದಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. ಬೆಳಗಿನ ತಂಪಿನಲ್ಲಿ ನಡೆದೇ ನೋಡಬೇಕು. ವಿಸ್‌ನಿಂದ ಟ್ರೊಗಿರ್‌ಗೆ ಸುಮಾರು 30 ಮೈಲಿ, ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಉದ್ದದ ಹಂತ ಇದೇ. ಮಧ್ಯಾಹ್ನ ವಾಯವ್ಯದಿಂದ ಬೀಸುವ ಮಾಯೆಸ್ಟ್ರಾಲ್ ಇಲ್ಲಿ ಓರೆಯಾಗಿ ಎದುರಾಗುತ್ತದೆ, ಬೆಳಗ್ಗೆ ಆರಕ್ಕೇ ಹೊರಡಿ.

ಇನ್ನು ದಕ್ಕೆ. ಮಧ್ಯಾಹ್ನ ಎರಡರೊಳಗೆ ತಲುಪಿದರೆ ಜಾಗವೂ ಸಿಗುತ್ತದೆ, ಅಡ್ಡಗಾಳಿಯೂ ಇನ್ನೂ ಜೋರಾಗಿರುವುದಿಲ್ಲ. ಎರಡೂ ಬದಿಗೆ ಮೂರು ಮೂರು, ಹಿಂಬದಿಗೆ ಒಂದು ಫೆಂಡರ್ (ದೋಣಿ ತಾಗಿ ಉಜ್ಜದಂತೆ ತಡೆಯುವ ಮೆತ್ತೆ) ಇಳಿಬಿಡಿ. ಹಿಂದಿನ ಎರಡು ಹಗ್ಗಗಳನ್ನು ಮೊದಲೇ ಸುತ್ತಿ ಸಿದ್ಧವಿಡಿ. ನೇರವಾಗಿ ಹಿಂದೆ ಬಂದು, ಗಾಳಿ ಬರುವ ಕಡೆಯ ಹಗ್ಗವನ್ನು ಮೊದಲು ಕಟ್ಟಿ. ಆಮೇಲೆ ದಕ್ಕೆಯಿಂದ ನೀರಿಗೆ ಇಳಿದಿರುವ ತೆಳು ಹಗ್ಗವನ್ನು ಕೊಕ್ಕೆಯಿಂದೆತ್ತಿ, ಅದನ್ನೇ ಹಿಡಿದು ದೋಣಿಯ ಮೂತಿಯವರೆಗೆ ನಡೆದು, ತುದಿಯ ದಪ್ಪ ಹಗ್ಗವನ್ನು ಎಳೆದು ಬಿಗಿಯಿರಿ. ಅದಕ್ಕೆ ಚಿಪ್ಪು ಅಂಟಿಕೊಂಡಿರುತ್ತದೆ, ಬರಿಗೈಯಲ್ಲಿ ಹಿಡಿದರೆ ಅಂಗೈ ಸೀಳುತ್ತದೆ. ಕೈಗವಸು ಬೇಕೇ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಈ ಹಗ್ಗ ಎತ್ತುವಾಗ ಎಂಜಿನ್ ಗೇರಿನಲ್ಲಿದ್ದರೆ ಅದು ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ನ್ಯೂಟ್ರಲ್ ಆಯಿತೆಂದು ಚುಕ್ಕಾಣಿ ಹಿಡಿದವರು ಕೂಗಿ ಹೇಳಿದ ಮೇಲೆಯೇ ಎತ್ತಿ.

ದಕ್ಕೆಯಲ್ಲಿ ಜಾಗವಿಲ್ಲದಿದ್ದರೆ ಲಂಗರು. ನೀರಿನ ಆಳ 5 ಮೀಟರ್, ಮೂತಿಯ ಎತ್ತರ 1 ಮೀಟರ್ ಇದ್ದರೆ, ಎರಡನ್ನೂ ಕೂಡಿಸಿ ಐದರಿಂದ ಗುಣಿಸಿ: 30 ಮೀಟರ್ ಸರಪಳಿ. ನೀರಿನಡಿ ಕಪ್ಪಾಗಿ ಕಾಣುವುದು ಕಡಲಹುಲ್ಲು. ಅಲ್ಲಿ ಲಂಗರು ಜಾರುತ್ತದೆ, ಹುಲ್ಲೂ ಹಾಳಾಗುತ್ತದೆ. ತಿಳಿಬಣ್ಣದ ಮರಳು ಹುಡುಕಿ.

ಈಶಾನ್ಯದ ಬೂರಾ ಗಾಳಿ ಬೆಟ್ಟದಿಂದ ಧುಮುಕಿ ಬರುವಂಥದ್ದು. ಆಕಾಶ ನಿರ್ಮಲವಾಗಿದ್ದಾಗಲೂ ಎರಗುತ್ತದೆ. ವಿಸ್ ಬಂದರಿನ ಬಾಯಿ ಅದೇ ದಿಕ್ಕಿಗೆ ತೆರೆದಿದೆ. ಮುನ್ಸೂಚನೆಯಲ್ಲಿ ಬೂರಾ ಇದ್ದರೆ ವಿಸ್ ಕೈಬಿಟ್ಟು ಸ್ಟಾರಿ ಗ್ರಾಡ್‌ನಲ್ಲೇ ಇನ್ನೊಂದು ದಿನ ಉಳಿಯಿರಿ.

ನಿಮ್ಮಲ್ಲೊಬ್ಬರ ಬಳಿ ಕ್ರೊಯೇಷಿಯಾ ಮಾನ್ಯ ಮಾಡುವ ದೋಣಿ ಪರವಾನಗಿ ಮತ್ತು ವಿಎಚ್‌ಎಫ್ ರೇಡಿಯೊ (ದೋಣಿಯಿಂದ ಮಾತಾಡುವ ರೇಡಿಯೊ) ಬಳಸುವ ಪ್ರಮಾಣಪತ್ರ ಇರಲೇಬೇಕು. ಮುಂಗಡ ಕಟ್ಟುವ ಮೊದಲೇ ಇವೆರಡರ ಪ್ರತಿಯನ್ನು ಬಾಡಿಗೆ ಕೊಡುವವರಿಗೆ ಕಳಿಸಿ ಒಪ್ಪಿಗೆ ಪಡೆಯಿರಿ.