ಕೊಡ ಖಾಲಿನಾ, ತುಂಬಿದೆಯಾ?

ಪ್ರಶ್ನೆ: ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಅನಿಮೇಷನ್ ಕಲಿಯುತ್ತಿದ್ದೇನೆ. ಅಜ್ಜಿಯೊಬ್ಬರು ನೀರು ತುಂಬಿದ ಸ್ಟೀಲ್ ಕೊಡ ಎತ್ತಿ, ಸೊಂಟಕ್ಕಿಟ್ಟು ನಡೆಯುವ ದೃಶ್ಯ ಮಾಡಿದೆ. ಮುಖ, ಸೀರೆ ಎಲ್ಲ ಚೆನ್ನಾಗಿ ಬಂದಿದೆ. ಆದರೆ ನಡಿಗೆ ತೇಲಿದ ಹಾಗೆ ಕಾಣುತ್ತದೆ. ಗೆಳೆಯನೊಬ್ಬ ನೋಡಿ ‘ಕೊಡ ಖಾಲಿನಾ?’ ಎಂದ. ಡಿಸ್ನಿಯವರ ಅನಿಮೇಷನ್ನಿನ 12 ಸೂತ್ರಗಳನ್ನು ಓದಿದ್ದೇನೆ. ಎಲ್ಲವನ್ನೂ ಹಾಕಲೇಬೇಕಾ?
– ಓದುಗ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಿಮ್ಮ ದೃಶ್ಯದಲ್ಲಿ ಭಾರ ಕಾಣುತ್ತಿಲ್ಲ. ಹನ್ನೆರಡು ಸೂತ್ರವನ್ನೂ ಹಾಕಲೇಬೇಕೆಂದಿಲ್ಲ, ಭಾರ ತೋರಿಸಲು ಬೇಕಾದಷ್ಟು ಸಾಕು. 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೋದ ಕಲಾವಿದರು ಬಿಡಿಸಿ, ತಿದ್ದಿ, ಮತ್ತೆ ಬಿಡಿಸಿ ಕಂಡುಕೊಂಡದ್ದನ್ನೇ ಈ ಸೂತ್ರಗಳಾಗಿ ಅಲ್ಲಿ ದುಡಿದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪುಸ್ತಕದಲ್ಲಿ ಬರೆದಿಟ್ಟರು. ಹೊಸಬರಿಗೆ ಅಲ್ಲಿ ಕೊಡುತ್ತಿದ್ದ ಅಭ್ಯಾಸಗಳಲ್ಲಿ ಒಂದು ಅರ್ಧ ತುಂಬಿದ ಹಿಟ್ಟಿನ ಚೀಲ. ಅದಕ್ಕೆ ಮುಖವಿಲ್ಲ, ಕೈಕಾಲಿಲ್ಲ, ಆದರೂ ಅದು ಸಿಟ್ಟಾಗಿದೆಯೋ ಸೋತಿದೆಯೋ ಎಂದು ನೋಡಿದವರಿಗೆ ತಿಳಿಯಬೇಕು.

ಅಜ್ಜಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಂದು ಚೆಂಡು ಬೀಳಿಸಿ ನೋಡಿ. 1.2 ಮೀಟರ್ ಎತ್ತರದಿಂದ ಬಿಟ್ಟರೆ ನೆಲ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ಸೆಕೆಂಡಿಗೆ 24 ಫ್ರೇಮ್ (ಒಂದೊಂದು ಸ್ಥಿರ ಚಿತ್ರ) ಎಂದರೆ ಅದಕ್ಕೆ 12 ಫ್ರೇಮ್. ಬೀಳುತ್ತಾ ಅದರ ವೇಗ ಹೆಚ್ಚುತ್ತದೆ, ಸಮಾನ ಅವಧಿಗಳಲ್ಲಿ ಸಾಗುವ ದೂರ 1, 3, 5, 7 ಹೀಗೆ ಬೆಳೆಯುತ್ತದೆ. ಬ್ಲೆಂಡರ್‌ಗೆ ಇದು ಗೊತ್ತಿಲ್ಲ. ನೀವು ಮೇಲೊಂದು, ಕೆಳಗೊಂದು ಕೀಫ್ರೇಮ್ (ವಸ್ತುವಿನ ಜಾಗ ಗುರುತಿಸುವ ಮುಖ್ಯ ಫ್ರೇಮ್) ಇಟ್ಟರೆ ಅದು ತಾನಾಗಿಯೇ ಎರಡೂ ತುದಿಯಲ್ಲಿ ವೇಗ ಇಳಿಸುತ್ತದೆ. ಮೇಲ್ತುದಿಯಲ್ಲಿ ಅದು ಸರಿ, ನೆಲದ ಹತ್ತಿರ ತಪ್ಪು. ನೆಲಕ್ಕೆ ಬಡಿಯುವ ಚೆಂಡು ನಿಧಾನವಾಗಿ ಬಂದು ಕೂರುವುದಿಲ್ಲ ಅಲ್ವಾ? ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್ ತೆರೆದು, ನೆಲ ಮುಟ್ಟುವ ಕೀಫ್ರೇಮ್‌ನ ಹ್ಯಾಂಡಲ್ (ಗೆರೆಯ ಬಾಗು ತಿದ್ದುವ ಹಿಡಿ) ಅನ್ನು ‘ವೆಕ್ಟರ್’ ಬಗೆಗೆ ಬದಲಿಸಿ. ಪುಟಿಯುವ ಕಡೆ ಗೆರೆ ಚೂಪಾಗುತ್ತದೆ, ತೇಲಾಟ ನಿಲ್ಲುತ್ತದೆ. ಅಜ್ಜಿಯ ಪಾದಕ್ಕೂ ಇದೇ ಆಗಿರಬೇಕು, ಮೊದಲು ಅದನ್ನೇ ನೋಡಿ.

ಚೆಂಡು ರಬ್ಬರಿನದಾದರೆ ಬಡಿದಾಗ ಚಪ್ಪಟೆಯಾಗಬೇಕು. ಎತ್ತರವನ್ನು 0.64ಕ್ಕೆ ಇಳಿಸಿದರೆ ಉಳಿದ ಎರಡು ಕಡೆ 1.25 ಮಾಡಿ, ಗಾತ್ರ ಅಷ್ಟೇ ಉಳಿಯುತ್ತದೆ. ನಿಮ್ಮ ಸ್ಟೀಲ್ ಕೊಡ ಮಾತ್ರ ಒಂಚೂರೂ ಕುಗ್ಗಬಾರದು. ಆ ಒತ್ತನ್ನು ಅಜ್ಜಿಯ ಮೊಣಕಾಲು, ಸೊಂಟ ತೆಗೆದುಕೊಳ್ಳಬೇಕು.

ಈಗ ಎತ್ತುವ ಗಳಿಗೆಗೆ ಬನ್ನಿ. ನನಗೆ ತುಂಬಾ ಇಷ್ಟವಾದ ಜಾಗ ಇದು. 12 ಲೀಟರ್ ನೀರು ಅಂದರೆ 12 ಕಿಲೋ. ಅಷ್ಟು ಭಾರವನ್ನು ಯಾರೂ ಸುಮ್ನೆ ಕೈ ಚಾಚಿ ಎತ್ತುವುದಿಲ್ಲ. ಕಾಲು ಅಗಲಿಸುತ್ತಾರೆ, ಮೈ ಇನ್ನಷ್ಟು ಕೆಳಗಿಳಿಯುತ್ತದೆ, ಬೆನ್ನು ಮೇಲೇಳತೊಡಗಿ ತೋಳು ಬಿಗಿದು ನೇರವಾದರೂ ಕೊಡ ಇನ್ನೂ ನೆಲದಲ್ಲೇ ಇರುತ್ತದೆ, ಆಮೇಲೆ ಒಮ್ಮೆಲೇ ಏಳುತ್ತದೆ. ಮೈ ಮೊದಲು, ಕೊಡ ಮೂರ್ನಾಲ್ಕು ಫ್ರೇಮ್ ಆಮೇಲೆ. ಈ ಅಂತರವೇ ನೀರಿನ ಭಾರವನ್ನು ಕಾಣಿಸುತ್ತದೆ. ಎಡ ಸೊಂಟಕ್ಕೆ ಇಟ್ಟ ಮೇಲೆ ಸೊಂಟ ಎಡಕ್ಕೆ ಚಾಚಿ, ಎದೆ ಬಲಕ್ಕೆ ವಾಲಿ, ಬಲಗೈ ಮೈಯಿಂದ ದೂರ ಸರಿಯುತ್ತದೆ. ಹೆಜ್ಜೆ ಚಿಕ್ಕದಾಗಲಿ. ಸಾಮಾನ್ಯ ನಡಿಗೆಗೆ ಹೆಜ್ಜೆಗೆ 12 ಫ್ರೇಮ್ ಇಡುತ್ತಾರೆ, ಅಜ್ಜಿಗೆ 16 ಇಟ್ಟು ನೋಡಿ. ಅವರು ನಿಂತ ಮೇಲೂ ಸೆರಗು ಒಂದೆರಡು ಸಲ ಆಡಲಿ.

ಪ್ರಶ್ನೆ: ಕೈಯಲ್ಲಿ ಬಿಡಿಸುವವರು ಸೆಕೆಂಡಿಗೆ 24 ಚಿತ್ರ ಬಿಡಿಸಲೇಬೇಕಾ?
– ಓದುಗಿ, ಶಿರಸಿ

ಉತ್ತರ: ಬೇಡ. ಒಂದೇ ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ 12 ಸಾಕು, ಹಳೆಯ ಸ್ಟುಡಿಯೋಗಳಲ್ಲೂ ಜಾಸ್ತಿ ಕೆಲಸ ಹೀಗೇ ನಡೆಯುತ್ತಿತ್ತು. ಓಟದಂಥ ಜೋರಿನ ಚಲನೆ ಬಂದಾಗ ಮಾತ್ರ 24ಕ್ಕೆ ಹೋಗಿ. ಮುಖ್ಯ ಭಂಗಿಗಳನ್ನು ಮೊದಲು ಬಿಡಿಸಿಕೊಂಡು ನಡುವಿನವನ್ನು ಆಮೇಲೆ ತುಂಬಿದರೆ ಕೈಯೂ ಉಳಿಯುತ್ತದೆ.

ದಾವಣಗೆರೆಯವರಿಗೆ ಇನ್ನೊಂದು ಮಾತು: ನಿಜವಾದ ಕೊಡಕ್ಕೆ ನೀರು ತುಂಬಿ ನೀವೇ ಎತ್ತಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಖಾಲಿ ಕೊಡದ್ದೂ ಒಂದು ಮಾಡಿಸಿ. ಎರಡನ್ನೂ ಫ್ರೇಮ್ ಫ್ರೇಮ್ ಆಗಿ ಓಡಿಸಿ, ನಿಮ್ಮ ಮೊಣಕಾಲು ಎಷ್ಟನೇ ಫ್ರೇಮ್‌ನಲ್ಲಿ ಬಾಗಿತು ಎಂದು ಬರೆದಿಟ್ಟುಕೊಳ್ಳಿ.