ಮೂರಕ್ಕೂ ಒಂದೇ ವೆಂಟ್ ಸಾಕಾ?

ಬೇಸ್‌ಮೆಂಟಿನ ಹೊಸ ಬಾತ್‌ರೂಮಿನಲ್ಲಿ ಸಿಂಕ್, ಶವರ್, ಕಮೋಡ್ ಮೂರಕ್ಕೂ ಒಂದೇ ವೆಂಟ್ (ಕೊಳೆನೀರಿನ ಪೈಪಿಗೆ ಗಾಳಿ ಕೊಡುವ ಪೈಪ್) ಸಾಕಾ ಅಂತ ಕೇಳಿದ್ದೀರಿ. ಮೂರೂ ಹತ್ತಿರ ಇದ್ದರೆ ಸಾಮಾನ್ಯವಾಗಿ ಸಾಕು. ಸಿಂಕಿನಿಂದ 2 ಇಂಚಿನ ಪೈಪ್ ಇಳಿಸಿ, ಅದಕ್ಕೆ ಶವರ್ ಸೇರಿಸಿ, ಕಮೋಡನ್ನು ಕೊನೆಗೆ 3 ಇಂಚಿನ ಪೈಪಿಗೆ ಸೇರಿಸಿ. ಸಿಂಕಿನ ಹಿಂದೆ ವೆಂಟ್ ನೇರ ಮೇಲೆ ಹೋಗಲಿ. ಸಿಂಕಿನ ಅಂಚಿಗಿಂತ 6 ಇಂಚು ಮೇಲೇರುವ ತನಕ ಅದನ್ನು ಅಡ್ಡ ತಿರುಗಿಸಬೇಡಿ. ವೆಂಟ್ ಸರಿಯಿಲ್ಲದಿದ್ದರೆ ಕಮೋಡಿನ ನೀರು ಹೋಗುವಾಗ ಶವರ್ ಟ್ರ್ಯಾಪಿನ (ಗ್ಯಾಸ್ ತಡೆಯಲು ನೀರು ನಿಂತಿರುವ ಬಾಗಿದ ಪೈಪಿನ) ನೀರನ್ನೂ ಎಳೆದುಕೊಳ್ಳಬಹುದು. ಆಮೇಲೆ ಗಟಾರದ ಗ್ಯಾಸ್ ನೇರ ಮನೆಯೊಳಗೆ ಬರುತ್ತದೆ.

ಆದರೆ ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ವಿಷಯದ ಬಗ್ಗೆ. ಮನೆಯ ಕೊಳೆನೀರು ಹೊರಗೆ ಹೋಗುವ ಮೇನ್ ಲೈನ್ ಎಷ್ಟು ಆಳದಲ್ಲಿದೆ, ಅಳೆದಿದ್ದೀರಾ? ಪೈಪಿಗೆ ಅಡಿಗೆ ಕಾಲು ಇಂಚು ವಾಟ (ಇಳಿಜಾರು) ಬೇಕು. ಅಂದರೆ 12 ಅಡಿ ದೂರಕ್ಕೆ 3 ಇಂಚು ಇಳಿಯಬೇಕು, ಅಲ್ವಾ? ಮೇನ್ ಲೈನ್ ಅದಕ್ಕಿಂತ ಮೇಲಿದ್ದರೆ ಗುಂಡಿ ತೋಡಿ ಪಂಪ್ ಇಡಲೇಬೇಕು. ಆ ಗುಂಡಿಗೆ ಗಾಳಿಯಾಡದ ಮುಚ್ಚಳ, ಅದಕ್ಕೊಂದು ಬೇರೆ ವೆಂಟ್ ಬೇಕು. ಇದನ್ನು ನೋಡದೆ ನೆಲ ಒಡೆಯಬೇಡಿ, ದಯವಿಟ್ಟು.

ನಿಮ್ಮ ಊರಿನ ನಿಯಮವನ್ನೂ ಕೇಳಿಕೊಳ್ಳಿ. ಕಾಂಕ್ರೀಟ್ ಹಾಕುವ ಮೊದಲು ಪೈಪಿನ ಬಾಯಿ ಮುಚ್ಚಿ, ನೀರು ತುಂಬಿ, ಸೋರುತ್ತದಾ ಅಂತ ನೋಡಿ.