ಹುಟ್ಟಿದೂರು ಮೈಸೂರನ್ನು ಹೊಸದಾಗಿ ನೋಡೋಕೆ

ಹುಟ್ಟಿ ಬೆಳೆದ ಮೈಸೂರಲ್ಲಿ ನೋಡೋಕೆ ಏನೂ ಉಳಿದಿಲ್ಲ ಅಂತ ನಿಮಗೆ ಅನ್ನಿಸಿದರೆ, ಅದಕ್ಕೆ ಕಾರಣ ಬಹುಶಃ ನಿಮ್ಮ ಸ್ಕೂಟರ್. ದಿನಾ ಅದೇ ದಾರಿ, ಅದೇ ಅವಸರ. ಒಂದು ಭಾನುವಾರ ಬಿಡುವು ಮಾಡಿಕೊಂಡು, ಅವತ್ತು ಸ್ಕೂಟರನ್ನು ಮನೆಯಲ್ಲೇ ಬಿಡಿ.

ಬೆಳಿಗ್ಗೆ 6ಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಸುಮಾರು 1000 ಇವೆ. ಮಂಡಿ ನೋವಿದ್ದರೆ ನಂದಿವರೆಗೆ ಆಟೋದಲ್ಲೇ ಹೋಗಿ. ಒಂದೇ ಬಂಡೆಯಲ್ಲಿ ಕಡೆದ ಆ ನಂದಿಯ ಕೊರಳಿನ ಗಂಟೆಸರವನ್ನು ಹತ್ತಿರದಿಂದ ನೋಡಿ.

ತಿಂಡಿ ಆದಮೇಲೆ ದೊಡ್ಡ ಗಡಿಯಾರದ ಕೆಳಗೆ ನಿಲ್ಲಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು. ತಲೆಯೆತ್ತಿದರೆ ಅಂಕಿಗಳು ಕನ್ನಡದವು! ನಾನೂ ಎಷ್ಟೋ ವರ್ಷ ಗಮನಿಸಿರಲಿಲ್ಲ.

ಅಲ್ಲಿಂದ ನಡೆದೇ ದೇವರಾಜ ಮಾರುಕಟ್ಟೆಗೆ ಹೋಗಿ. ಸಾಮಾನಿನ ಚೀಟಿ ಬೇಡ. ಹೂವಿನವರು ಮೊಣಕೈಯಿಂದ ಬೆರಳ ತುದಿಗೆ ಮಲ್ಲಿಗೆ ಎಳೆದು ಮೊಳ ಹಾಕೋದನ್ನು ಸುಮ್ನೆ ಐದು ನಿಮಿಷ ನಿಂತು ನೋಡಿ.

ಸಂಜೆಗೆ ಅರಮನೆ. ಹಳೆಯದು 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು ಇದು. ಭಾನುವಾರ ದೀಪ ಹಾಕೋದು ಸಾಮಾನ್ಯವಾಗಿ 7ಕ್ಕೆ. ಸಮಯ ಬದಲಾಗೋದೂ ಉಂಟು, ಮಧ್ಯಾಹ್ನವೇ ಗೇಟಿನಲ್ಲಿ ಕೇಳಿಕೊಳ್ಳಿ.